ಸೊಸೈಟಿ ಕೆಡವುವ ಗ್ರೀಕ್ ಪದ್ಧತಿ: ಇಂದಿರಾಪುರಂ ನಿವಾಸಿಗಳಿಗೊಂದು ಕೈಪಿಡಿ

ಅಪಾರ್ಟ್‌ಮೆಂಟ್ ಸೊಸೈಟಿಯೊಂದನ್ನು ಹಾಳುಮಾಡಲು ಶತ್ರು ಬೇಕಿಲ್ಲ, ಭೂಕಂಪವೂ ಬೇಕಿಲ್ಲ. ಚಂದಾ ಕಟ್ಟುವ ಜನ, ಕೈ ಎತ್ತುವ ಸಭೆ, ಒಮ್ಮೆ ಗೆದ್ದ ಹುಮ್ಮಸ್ಸು ಇದ್ದರೆ ಸಾಕು. ಈ ವಿದ್ಯೆಯಲ್ಲಿ ಪ್ರಾಚೀನ ಗ್ರೀಕರನ್ನು ಮೀರಿಸಿದವರಿಲ್ಲ. ಕ್ರೀಟ್ ದ್ವೀಪದ ಅರಮನೆಗಳ ಕಾಲದಿಂದ ಹಿಡಿದು ಕ್ರಿ.ಪೂ. 30ರಲ್ಲಿ ಕ್ಲಿಯೋಪಾತ್ರ ಸಾಯುವವರೆಗೆ ಅವರು ಕಟ್ಟಿದರು, ಕೆಡವಿದರು, ಮತ್ತೆ ಕಟ್ಟಿದರು. ಅದಕ್ಕೆ ಅವರಿಗೆ ಸುಮಾರು ಎರಡು ಸಾವಿರ ವರ್ಷ ಹಿಡಿಯಿತು. ಪಾಪ, ವಾಟ್ಸಾಪ್ ಇರಲಿಲ್ಲ. ನಿಮಗೆ ಹತ್ತು ವರ್ಷ ಧಾರಾಳ.

ಜಾಗದ ಚಿಂತೆ ಬೇಡ. ಇಂದಿರಾಪುರಂ ಈ ಕೆಲಸಕ್ಕೆ ಹೇಳಿ ಮಾಡಿಸಿದ ಊರು. ಗಾಜಿಯಾಬಾದ್ ಅಭಿವೃದ್ಧಿ ಪ್ರಾಧಿಕಾರದ ಈ ಬಡಾವಣೆಯ ಭಾಗಗಳ ಹೆಸರು ನೋಡಿ: ನ್ಯಾಯ ಖಂಡ, ನೀತಿ ಖಂಡ, ಜ್ಞಾನ ಖಂಡ, ಶಕ್ತಿ ಖಂಡ, ವೈಭವ ಖಂಡ, ಅಭಯ ಖಂಡ, ಅಹಿಂಸಾ ಖಂಡ. ಪ್ಲೇಟೋ ಕಲ್ಪಿಸಿದ ಆದರ್ಶ ನಗರದಲ್ಲೂ ಇಷ್ಟು ಸದ್ಗುಣಗಳು ಒಂದೇ ಪಿನ್‌ಕೋಡಿನಲ್ಲಿ ಸಿಗುವುದಿಲ್ಲ. ವಿಳಾಸದಲ್ಲೇ ಸದ್ಗುಣ ಬರೆದುಬಿಟ್ಟರೆ ನಡತೆಯಲ್ಲಿ ಇಟ್ಟುಕೊಳ್ಳುವ ಹೊರೆ ತಪ್ಪುತ್ತದೆ.

ನೀವು ಕನ್ನಡಿಗರಾಗಿದ್ದರೆ ಇನ್ನೂ ಅನುಕೂಲ. ಅಲ್ಲಿ ನಿಮ್ಮನ್ನು ಮದ್ರಾಸಿ ಎನ್ನುತ್ತಾರೆ. ತಿದ್ದಲು ಹೋಗಬೇಡಿ. ಮದ್ರಾಸಿ ಎಂದರೆ ಲೆಕ್ಕದಲ್ಲಿ ಗಟ್ಟಿ, ಜಗಳದಲ್ಲಿ ಮೆತ್ತಗೆ ಎಂಬ ನಂಬಿಕೆ ಇದೆ. ಸುಮ್ಮನೆ ಎರಡು ಸಭೆಯಲ್ಲಿ ತಲೆ ಆಡಿಸಿ ಕುಳಿತುಕೊಳ್ಳಿ. ಮೂರನೆಯದರಲ್ಲಿ ಖಜಾಂಚಿ ಹುದ್ದೆ ತಾನಾಗಿ ನಿಮ್ಮ ಮಡಿಲಿಗೆ ಬೀಳುತ್ತದೆ. ಮುಂದಿನ ಹಂತಗಳನ್ನು ಆ ಕುರ್ಚಿಯಿಂದಲೇ ನಡೆಸಿ.

ಬೇಕಾಗುವ ಸಾಮಗ್ರಿ

ಐದಾರು ಟವರ್, ಒಂದು ಕ್ಲಬ್ ಹೌಸ್, ಎರಡು ಡೀಸೆಲ್ ಜನರೇಟರ್, ಒಬ್ಬ ಬಿಲ್ಡರ್, ಬೀದಿನಾಯಿಗಳು ಸಾಕಷ್ಟು, ನಿವೃತ್ತ ಅಧಿಕಾರಿಗಳು ಅಗತ್ಯಕ್ಕಿಂತ ಹೆಚ್ಚು. 2010ರ ಉತ್ತರ ಪ್ರದೇಶ ಅಪಾರ್ಟ್‌ಮೆಂಟ್ ಕಾಯ್ದೆಯ ಒಂದು ಪ್ರತಿ, ಓದಲು ಅಲ್ಲ, ಸಭೆಯಲ್ಲಿ ಎತ್ತಿ ತೋರಿಸಲು.

ಹಂತ 1: ಮಿನೋವನ್ ಕಾಲ, ಕಂಬ ನೋಡಿ ಮನೆ ಕೊಳ್ಳುವುದು

ಕ್ರೀಟ್ ದ್ವೀಪದವರು ಕ್ರಿ.ಪೂ. 2000ದ ಹೊತ್ತಿಗೆ ಕ್ನೋಸೋಸ್‌ನಂಥ ದೊಡ್ಡ ಅರಮನೆ ಕಟ್ಟಲು ಶುರುಮಾಡಿದರು. ಮೇಲೆ ಸುತ್ತಿ ಸುತ್ತಿ ಹೋಗುವ ಕೊಠಡಿಗಳು, ಕೆಳಗೆ ಸುಟ್ಟ ಮಣ್ಣಿನ ಕೊಳವೆಗಳು, ಮಳೆನೀರು ಸಲೀಸಾಗಿ ಹರಿಯುವ ಕಲ್ಲಿನ ಚರಂಡಿ. 1900ರಲ್ಲಿ ಆರ್ಥರ್ ಇವಾನ್ಸ್ ಅದನ್ನು ಅಗೆದು ತೆಗೆದ. ತೆಗೆದದ್ದು ಸಾಲದೆನಿಸಿ ಕಾಂಕ್ರೀಟಿನಲ್ಲಿ ಮಹಡಿ ಎಬ್ಬಿಸಿ ಕೆಂಪು ಕಂಬಗಳನ್ನು ನಿಲ್ಲಿಸಿದ. ಇವತ್ತಿಗೂ ಪ್ರವಾಸಿಗರು ಫೋಟೋ ತೆಗೆಸಿಕೊಳ್ಳುವುದು ಆ 20ನೇ ಶತಮಾನದ ಕಾಂಕ್ರೀಟಿನ ಮುಂದೆ.

ಇದರಿಂದ ಪಾಠ ಕಲಿಯಿರಿ. ಕಂಬ ನೋಡಿ, ಚರಂಡಿ ನೋಡಬೇಡಿ. ಬ್ರೋಷರಿನಲ್ಲಿ ಗ್ರೀಕ್ ಕಂಬ ಇದ್ದರೆ ಮುಂಗಡ ಕೊಟ್ಟುಬಿಡಿ. ಪ್ಲಾಸ್ಟರಿನ ಎಲೆ, ಬಳ್ಳಿ, ಸುರುಳಿಗಳನ್ನು ಮುಟ್ಟಿ ಸಂತೋಷಪಡಿ. ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ಕೇಳುವುದು ಅಸಭ್ಯತೆ. ಜುಲೈ ತಿಂಗಳಲ್ಲಿ ಬೇಸ್‌ಮೆಂಟಿಗೆ ಇಳಿದಾಗ ಪಾದ ಮುಳುಗುವಷ್ಟು ನೀರು ನಿಂತಿದ್ದರೆ ಪ್ಯಾಂಟ್ ಮಡಚಿಕೊಂಡು ನಡೆಯಿರಿ. ಎಲ್ಲ ಕಂಬಕ್ಕೂ ಒಂದೇ ಹಳದಿ ಬಣ್ಣ, ಎಲ್ಲ ತಿರುವಿಗೂ ಒಂದೇ ಬಾಣದ ಗುರುತು. ಕಾರು ಸಿಗದೆ ಎರಡು ಸುತ್ತು ಹೊಡೆದರೆ ಗಾಬರಿಯಾಗಬೇಡಿ. ಮಿನೋಸ್ ದೊರೆಯ ಚಕ್ರವ್ಯೂಹಕ್ಕೆ ಹೋದವರ ಪೈಕಿ ಹೊರಗೆ ಬಂದದ್ದು ಥೀಸಿಯಸ್ ಮಾತ್ರ, ಅದೂ ದಾರದುಂಡೆ ಹಿಡಿದುಕೊಂಡು. ನಿಮ್ಮ ಬಳಿ ಮೊಬೈಲ್ ಟಾರ್ಚ್ ಇದೆ.

ಹಂತ 2: ಮೈಸೀನಿಯನ್ ಕಾಲ, ಗೇಟು ಕಟ್ಟುವುದು

ಕ್ರಿ.ಪೂ. 1600ರಿಂದ ಗ್ರೀಸಿನ ಮುಖ್ಯಭೂಮಿಯಲ್ಲಿ ಮೈಸೀನಿಯನ್ನರು ಬಲಿತರು. ಕ್ರಿ.ಪೂ. 1250ರ ಸುಮಾರಿಗೆ ಮೈಸೀನೀ ಕೋಟೆಗೆ ಸಿಂಹದ್ವಾರ ಎದ್ದಿತು. ಗೋಡೆಯ ಕಲ್ಲುಗಳು ಎಷ್ಟು ದೊಡ್ಡವೆಂದರೆ, ಇದು ಮನುಷ್ಯರ ಕೆಲಸವಲ್ಲ, ಒಕ್ಕಣ್ಣ ರಾಕ್ಷಸರು ಕಟ್ಟಿದ್ದು ಎಂದು ಮುಂದಿನ ಗ್ರೀಕರು ನಂಬಿದರು. ದ್ವಾರ ಎದ್ದು ಹೆಚ್ಚುಕಡಿಮೆ ಐವತ್ತು ವರ್ಷಕ್ಕೆ ಅರಮನೆಗಳು ಒಂದೊಂದಾಗಿ ಸುಟ್ಟು ಬಿದ್ದವು. ಸಿಂಹಗಳು ಮಾತ್ರ ಅಲ್ಲೇ ಇವೆ.

ಆದ್ದರಿಂದ ಮೊದಲ ವರ್ಷದ ಹಣವನ್ನೆಲ್ಲ ಗೇಟಿಗೆ ಹಾಕಿ. ಲಿಫ್ಟು ಕಾಯಬಹುದು. ಗೇಟಿನಲ್ಲಿ ಬೂಮ್ ಬ್ಯಾರಿಯರ್, ಕ್ಯಾಮೆರಾ, ರಿಜಿಸ್ಟರ್ ಮೂರೂ ಇಡಿ. ಮನೆಗೆಲಸದ ಹೆಂಗಸನ್ನು ದಿನವೂ ನಿಲ್ಲಿಸಿ ಕೇಳಿ. ಬಿಳಿ ಬಣ್ಣದ ದೊಡ್ಡ ಕಾರು ಬಂದರೆ ಸಲಾಮು ಹೊಡೆದು ಬಿಡಿ. ಟ್ರಾಯ್ ಊರಿನವರೂ ಹತ್ತು ವರ್ಷ ಗೇಟು ಭದ್ರವಾಗಿ ಕಾದು, ಕೊನೆಗೆ ದೊಡ್ಡದಾಗಿ, ಚಂದವಾಗಿ ಕಂಡ ಕುದುರೆಯನ್ನು ತಾವೇ ಒಳಗೆ ಎಳೆದುಕೊಂಡರು. ಪರಂಪರೆ ಎಂದರೆ ಹಾಗಿರಬೇಕು.

ಹಂತ 3: ಕತ್ತಲ ಯುಗ, ಕಡತ ಮುಚ್ಚಿಡುವುದು

ಕ್ರಿ.ಪೂ. 1100ರಿಂದ 800ರವರೆಗೆ ಗ್ರೀಕರು ಬರೆಯುವುದನ್ನೇ ಮರೆತರು. ಮೈಸೀನಿಯನ್ನರ ಲೀನಿಯರ್ ಬಿ ಲಿಪಿ ಅರಮನೆಗಳ ಜೊತೆ ಸತ್ತಿತು. 1952ರಲ್ಲಿ ಮೈಕೇಲ್ ವೆಂಟ್ರಿಸ್ ಎಂಬ ವಾಸ್ತುಶಿಲ್ಪಿ ಅದನ್ನು ಬಿಡಿಸಿದಾಗ ಕಾವ್ಯವೇನೂ ಸಿಗಲಿಲ್ಲ. ಸಿಕ್ಕಿದ್ದು ಸ್ಟೋರ್ ರಿಜಿಸ್ಟರ್: ಇಷ್ಟು ಕುರಿ, ಇಷ್ಟು ಎಣ್ಣೆ, ಇಷ್ಟು ರಥದ ಚಕ್ರ, ಅದರಲ್ಲಿ ಇಷ್ಟು ಕೆಲಸಕ್ಕೆ ಬಾರದವು. ಆ ಹಸಿಮಣ್ಣಿನ ಹಲಗೆಗಳು ಉಳಿದದ್ದೂ ಯಾರೋ ಜೋಪಾನ ಮಾಡಿದ್ದರಿಂದಲ್ಲ, ಅರಮನೆಗೆ ಬಿದ್ದ ಬೆಂಕಿಯಲ್ಲಿ ಬೆಂದು ಗಟ್ಟಿಯಾದದ್ದರಿಂದ.

ನೀವು ಬೆಂಕಿಯ ತನಕ ಹೋಗುವುದು ಬೇಡ. ಹ್ಯಾಂಡೋವರ್ ಸಾಕು. ಬಿಲ್ಡರಿನಿಂದ ಮೊದಲ ಸಮಿತಿಗೆ, ಮೊದಲ ಸಮಿತಿಯಿಂದ ಎರಡನೆಯದಕ್ಕೆ ಕಡತ ದಾಟುವಾಗ ಪ್ರತಿ ಸಲ ಅರ್ಧ ಕಳೆಯಿರಿ. ಪೈಪ್‌ಲೈನ್ ನಕ್ಷೆ ಮೊದಲು ಹೋಗಲಿ. ಲಿಫ್ಟಿನ ಕರಾರು, ಅಗ್ನಿಶಾಮಕ ಪ್ರಮಾಣಪತ್ರ, ಫ್ಲಾಟ್ ಕೊಳ್ಳುವಾಗ ಪ್ರತಿಯೊಬ್ಬರೂ ಕಟ್ಟಿದ ಐಎಫ್‌ಎಂಎಸ್ ಠೇವಣಿಯ ಲೆಕ್ಕ ಆಮೇಲೆ ಹೋಗಲಿ. ಹೊಸಬರು ಕೇಳಿದರೆ ‘ಹಿಂದಿನ ಕಾರ್ಯದರ್ಶಿ ಹತ್ತಿರ ಇರಬೇಕು’ ಎನ್ನಿ. ಹಿಂದಿನ ಕಾರ್ಯದರ್ಶಿ ಕೆನಡಾದಲ್ಲಿ ಮಗಳ ಬಾಣಂತನದಲ್ಲಿ ಇರಲಿ.

ಬರವಣಿಗೆ ಹೋದಾಗ ಗ್ರೀಕರಿಗೆ ಹಾಡುಗಾರರು ಸಿಕ್ಕರು. ಟ್ರಾಯ್ ಕಥೆ ತಲೆಮಾರುಗಳ ಕಾಲ ಬಾಯಿಂದ ಬಾಯಿಗೆ ಬೆಳೆದು ಹೋಮರನ ಹೆಸರಿನ ಮಹಾಕಾವ್ಯಗಳಾದವು. ನಿಮ್ಮ ಸೊಸೈಟಿಯಲ್ಲೂ ಕಡತ ಇಲ್ಲದ ಜಾಗದಲ್ಲಿ ಮಹಾಕಾವ್ಯ ಹುಟ್ಟುತ್ತದೆ. ಬಿಲ್ಡರ್ ಓಡಿಹೋದ ರಾತ್ರಿ ಎಷ್ಟು ಸೂಟ್‌ಕೇಸ್ ಇತ್ತು ಎಂಬುದನ್ನು ಸಂಜೆಯ ವಾಕಿಂಗ್‌ನವರಿಗೆ ಬಿಡಿ. ಪ್ರತಿ ವರ್ಷ ಒಂದು ಸೂಟ್‌ಕೇಸ್ ಹೆಚ್ಚಾಗಲಿ.

ಹಂತ 4: ಆರ್ಕೇಯಿಕ್ ಕಾಲ, ನಿಯಮ ಬರೆದು ಗಾರ್ಡ್‌ಗಳನ್ನು ಪಡೆಯುವುದು

ಕ್ರಿ.ಪೂ. 800ರಿಂದ 480ರವರೆಗಿನ ಈ ಕಾಲದಲ್ಲಿ ಗ್ರೀಕರು ಫಿನೀಷಿಯನ್ನರಿಂದ ಅಕ್ಷರ ತಂದರು, 776ರಲ್ಲಿ ಒಲಿಂಪಿಯಾದಲ್ಲಿ ಓಟದ ಪಂದ್ಯ ಇಟ್ಟರು, ನಗರ ರಾಜ್ಯಗಳನ್ನು ಕಟ್ಟಿದರು. ನೀವೂ ಮಕ್ಕಳ ಸ್ಪೋರ್ಟ್ಸ್ ಡೇ ಮಾಡಿ, ಫೋಟೋ ಹಾಕಿ, ತಕ್ಷಣ ನಿಯಮಾವಳಿಗೆ ಕೈ ಹಾಕಿ.

ಮೊದಲು ಡ್ರೇಕೋ ಮಾದರಿ ಬಳಸಿ. ಕ್ರಿ.ಪೂ. 621ರಲ್ಲಿ ಅಥೆನ್ಸಿಗೆ ಕಾನೂನು ಬರೆದ ಈತ ತರಕಾರಿ ಕದ್ದವನಿಗೂ ಮರಣದಂಡನೆ ಇಟ್ಟ. ಯಾಕೆ ಎಂದು ಕೇಳಿದಾಗ, ಸಣ್ಣ ತಪ್ಪಿಗೆ ಇದು ಸರಿಯಾದ ಶಿಕ್ಷೆ, ದೊಡ್ಡದಕ್ಕೆ ಇದಕ್ಕಿಂತ ಹೆಚ್ಚಿನದು ಸಿಗಲಿಲ್ಲ ಎಂದನಂತೆ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಿದರೆ ದಂಡ, ಲಿಫ್ಟಿನಲ್ಲಿ ನಾಯಿ ತಂದರೆ ದಂಡ, ದಂಡ ಕಟ್ಟದಿದ್ದರೆ ಪವರ್ ಬ್ಯಾಕಪ್ ಕಟ್. ಬೇಸಿಗೆಯ ರಾತ್ರಿ ಬ್ಯಾಕಪ್ ಇಲ್ಲದ ಫ್ಲಾಟಿನಲ್ಲಿ ಮಲಗಿದವರಿಗೆ ಡ್ರೇಕೋ ಅರ್ಥವಾಗುತ್ತಾನೆ.

ಸೋಲನ್ ಮಾದರಿಯನ್ನು ಹತ್ತಿರ ಸೇರಿಸಬೇಡಿ. ಕ್ರಿ.ಪೂ. 594ರಲ್ಲಿ ಅವನು ಬಡವರ ಸಾಲ ಮನ್ನಾ ಮಾಡಿ, ಹೊಸ ಕಾನೂನು ಬರೆದು, ಅದನ್ನು ತನ್ನಿಂದಲೇ ತಿದ್ದಿಸಲು ಯಾರೂ ಬರಬಾರದೆಂದು ಹತ್ತು ವರ್ಷ ಊರು ಬಿಟ್ಟು ಹೋದ. ಇಂಥವರು ನಿಮ್ಮ ಸೊಸೈಟಿಯಲ್ಲೂ ಒಬ್ಬರು ಇರುತ್ತಾರೆ. ಅವರನ್ನು ಗಿಡಗಳ ಉಪಸಮಿತಿಗೆ ಹಾಕಿ.

ಅನುಸರಿಸಬೇಕಾದದ್ದು ಪಿಸಿಸ್ಟ್ರಾಟಸ್‌ನನ್ನು. ತನ್ನ ಮೈಗೆ ತಾನೇ ಗಾಯ ಮಾಡಿಕೊಂಡು, ಹೇಸರಗತ್ತೆಗಳಿಗೂ ಗಾಯ ಮಾಡಿ, ಸಂತೆಯ ಮಧ್ಯಕ್ಕೆ ಗಾಡಿ ಓಡಿಸಿಕೊಂಡು ಬಂದು ‘ವೈರಿಗಳು ಹೊಡೆದರು’ ಎಂದು ಗೋಳಾಡಿದ. ಜನ ಕರಗಿ ದೊಣ್ಣೆ ಹಿಡಿದ ಅಂಗರಕ್ಷಕರನ್ನು ಕೊಟ್ಟರು. ಅವರನ್ನೇ ಕರೆದುಕೊಂಡು ಹೋಗಿ ಅಕ್ರೊಪೊಲಿಸ್ ಹಿಡಿದ. ನೀವು ಮೈ ಪರಚಿಕೊಳ್ಳುವ ಅಗತ್ಯವಿಲ್ಲ. ಕಾರಿನ ಮೇಲೆ ಒಂದು ಗೀರು ಸಾಕು. ಅದರ ಫೋಟೋವನ್ನು ಬೆಳಗಿನ ಜಾವ ಗ್ರೂಪಿಗೆ ಹಾಕಿ, ‘ಇವತ್ತು ನನ್ನ ಕಾರು, ನಾಳೆ ನಿಮ್ಮ ಮಕ್ಕಳು’ ಎಂದು ಬರೆಯಿರಿ. ಸಂಜೆಯೊಳಗೆ ಹೆಚ್ಚುವರಿ ಗಾರ್ಡ್‌ಗಳಿಗೆ ಒಪ್ಪಿಗೆ ಸಿಗುತ್ತದೆ. ಅವರು ಕಾಯುವುದು ನಿಮ್ಮ ಕುರ್ಚಿಯನ್ನು.

ಇಷ್ಟಾದ ಮೇಲೆ ಪ್ರಜಾಪ್ರಭುತ್ವ ತನ್ನಿ. ಕ್ರಿ.ಪೂ. 508ರಲ್ಲಿ ಕ್ಲೀಸ್ತೆನೀಸ್ ತಂದ ಬದಲಾವಣೆಗಳ ಪೈಕಿ ನಿಮಗೆ ಬೇಕಾದದ್ದು ಬಹಿಷ್ಕಾರ ಮತ. ಮಡಕೆ ಚೂರಿನ ಮೇಲೆ ಬೇಡವಾದವನ ಹೆಸರು ಗೀಚುವುದು. ಆರು ಸಾವಿರ ಚೂರು ಬಿದ್ದರೆ ಹೆಚ್ಚು ಮತ ಬಿದ್ದವನು ಹತ್ತು ವರ್ಷ ಊರ ಹೊರಗೆ. ತಪ್ಪು ಮಾಡಿರಬೇಕೆಂದಿಲ್ಲ. ಓದು ಬರದ ಒಬ್ಬ ಹಳ್ಳಿಗ ಪಕ್ಕದಲ್ಲಿ ನಿಂತವನಿಗೆ ಚೂರು ಕೊಟ್ಟು, ಇದರ ಮೇಲೆ ಅರಿಸ್ಟೈಡೀಸ್ ಎಂದು ಬರೆದುಕೊಡಪ್ಪ ಎಂದನಂತೆ. ಅವನೇನು ಅನ್ಯಾಯ ಮಾಡಿದ ಎಂದು ಕೇಳಿದರೆ, ಏನೂ ಇಲ್ಲ, ಎಲ್ಲರೂ ಅವನನ್ನು ನ್ಯಾಯವಂತ, ನ್ಯಾಯವಂತ ಎನ್ನುವುದು ಕೇಳಿ ಸಾಕಾಗಿದೆ ಎಂದ. ಪಕ್ಕದಲ್ಲಿ ನಿಂತವನೇ ಅರಿಸ್ಟೈಡೀಸ್. ಸುಮ್ಮನೆ ಹೆಸರು ಬರೆದು ಕೊಟ್ಟ. ಪ್ಲೂಟಾರ್ಕ್ ಹೇಳುವ ಈ ಕಥೆಯನ್ನು ಗ್ರೂಪ್ ಅಡ್ಮಿನ್‌ಗೆ ಬಾಯಿಪಾಠ ಮಾಡಿಸಿ. ಲೆಕ್ಕ ಸರಿಯಾಗಿ ಇಡುವವರನ್ನು ‘ನೆಗೆಟಿವಿಟಿ ಹರಡುತ್ತಾರೆ’ ಎಂಬ ಕಾರಣಕ್ಕೆ ಗ್ರೂಪಿನಿಂದ ತೆಗೆಯಿರಿ.

ಮತ ಬೀಳುತ್ತದೋ ಇಲ್ಲವೋ ಎಂಬ ಭಯ ಇದ್ದರೆ 1937ರ ಒಂದು ಬಾವಿಯನ್ನು ನೆನೆಯಿರಿ. ಅಕ್ರೊಪೊಲಿಸ್‌ನ ಉತ್ತರ ಇಳಿಜಾರಿನ ಆ ಬಾವಿಯಲ್ಲಿ ಆಸ್ಕರ್ ಬ್ರೊನೀರ್‌ಗೆ 190 ಮಡಕೆ ಚೂರು ಸಿಕ್ಕವು. ಎಲ್ಲದರ ಮೇಲೂ ಥೆಮಿಸ್ಟೊಕ್ಲೀಸ್ ಎಂಬ ಒಂದೇ ಹೆಸರು. ಕೈಬರಹ ಮಾತ್ರ ಹದಿನಾಲ್ಕು ಜನರದು. ಯಾರೋ ಮೊದಲೇ ಬರೆದು ಹಂಚಲು ಇಟ್ಟುಕೊಂಡದ್ದು. ನಿಮ್ಮ ಚುನಾವಣೆಗೂ ಪ್ರಾಕ್ಸಿ ಫಾರಂಗಳನ್ನು ಹಾಗೆಯೇ ತಯಾರಿಸಿ. ದುಬೈನಲ್ಲಿರುವ ಮಾಲೀಕ, ಪುಣೆಯಲ್ಲಿರುವ ಮಾಲೀಕ, ಫ್ಲಾಟ್ ಕೊಂಡು ಒಮ್ಮೆಯೂ ನೋಡದ ಮಾಲೀಕ ಎಲ್ಲರೂ ಒಂದೇ ನೀಲಿ ಪೆನ್ನಿನಲ್ಲಿ, ಎಡಕ್ಕೆ ವಾಲಿದ ಒಂದೇ ಅಕ್ಷರದಲ್ಲಿ ನಿಮ್ಮನ್ನು ಬೆಂಬಲಿಸಲಿ. ‘ಟವರ್’ ಎಂಬುದರ ಕಾಗುಣಿತವನ್ನು ಎಲ್ಲರೂ ಒಂದೇ ರೀತಿ ತಪ್ಪು ಬರೆದಿದ್ದರೂ ಚಿಂತೆಯಿಲ್ಲ. ಗ್ರೀಕರು ಹದಿನಾಲ್ಕು ಕೈ ಬಳಸಿದರು. ನೀವು ಕಡಿಮೆ ಸಿಬ್ಬಂದಿಯಲ್ಲಿ ನಿಭಾಯಿಸಿದ್ದೀರಿ.

ಹಂತ 5: ಶಾಸ್ತ್ರೀಯ ಕಾಲ, ಗೆದ್ದು ಹಾಳಾಗುವುದು

ಇದು ಮುಖ್ಯ ಹಂತ. ಅವಸರ ಬೇಡ. ಕ್ರಿ.ಪೂ. 480ರಿಂದ 323ರವರೆಗೆ.

ಮೊದಲು ಬಿಲ್ಡರನ್ನು ಸೋಲಿಸಿ. ಪರ್ಷಿಯಾದ ಚಕ್ರವರ್ತಿಗಳ ಸೈನ್ಯವನ್ನು ಗ್ರೀಕರು 490ರಲ್ಲಿ ಮ್ಯಾರಥಾನ್, 480ರಲ್ಲಿ ಸಲಾಮಿಸ್, 479ರಲ್ಲಿ ಪ್ಲಟೀಯಾ ಎಂದು ಮೂರು ಕಡೆ ಹೊಡೆದು ಓಡಿಸಿದರು. ಅಥೆನ್ಸು, ಸ್ಪಾರ್ಟಾ ಭುಜಕ್ಕೆ ಭುಜ ಕೊಟ್ಟು ನಿಂತ ದಿನಗಳವು. ನೀವೂ ಎಲ್ಲ ಟವರಿನವರನ್ನು ಕೂಡಿಸಿ ಬ್ಯಾನರ್ ಹಿಡಿಸಿ, ಮೇಣದ ಬತ್ತಿ ಹಚ್ಚಿಸಿ. ಗೆಲ್ಲಿರಿ. ಗೆದ್ದ ರಾತ್ರಿ ಕ್ಲಬ್ ಹೌಸಿನಲ್ಲಿ ಊಟ ಹಾಕಿಸಿ. ಎಸ್ಕಿಲಸ್ ಮ್ಯಾರಥಾನಿನಲ್ಲಿ ತಾನೇ ಕಾದಾಡಿಯೂ, ಗೆಲುವಿನ ನಾಟಕ ಬರೆಯುವಾಗ ಸೋತ ಪರ್ಷಿಯನ್ನರ ಅರಮನೆಯೊಳಗೆ ಹೋಗಿ ಅವರ ಅಳುವನ್ನು ಬರೆದ. ಬಿ.ಎಂ.ಶ್ರೀ ಅದನ್ನು ‘ಪಾರಸಿಕರು’ ಎಂದು ಕನ್ನಡಕ್ಕೆ ತಂದರು. ಅದನ್ನು ಓದಬೇಡಿ. ಗೆದ್ದವನು ಸೋತವನ ಅಹಂಕಾರವನ್ನು ಹತ್ತಿರದಿಂದ ನೋಡಿದರೆ ತನ್ನದೂ ಕಾಣುವ ಅಪಾಯವಿದೆ.

ಈಗ ಹಣ. ಪರ್ಷಿಯನ್ನರು ಮತ್ತೆ ಬಂದರೆ ಎಂದು 478ರಲ್ಲಿ ಅಥೆನ್ಸ್ ಒಂದು ಒಕ್ಕೂಟ ಕಟ್ಟಿತು. ದ್ವೀಪಗಳೆಲ್ಲ ಚಂದಾ ಕೊಡಬೇಕು, ಖಜಾನೆ ಡೀಲೋಸ್ ದ್ವೀಪದಲ್ಲಿ ಇರಬೇಕು. 454ರಲ್ಲಿ ಸುರಕ್ಷತೆಯ ಕಾರಣ ಹೇಳಿ ಖಜಾನೆಯನ್ನು ಅಥೆನ್ಸಿಗೇ ತಂದರು. 447ರಲ್ಲಿ ಪಾರ್ಥೆನಾನ್ ಕೆಲಸ ಶುರುವಾಯಿತು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಮಿತ್ರರ ಹಣವನ್ನು ಹೀಗೆ ಸುರಿಯಬಹುದೇ ಎಂದು ವಿರೋಧಿಗಳು ಕೂಗಿದಾಗ ಪೆರಿಕ್ಲೀಸ್, ನಾವು ಅವರನ್ನು ಕಾಯುತ್ತಿರುವವರೆಗೆ ಲೆಕ್ಕ ಕೊಡಬೇಕಾಗಿಲ್ಲ ಎಂದ. ಖರ್ಚು ಜಾಸ್ತಿಯಾಯಿತೇ ಎಂದು ಸಭೆಯನ್ನೇ ಕೇಳಿದ. ತುಂಬಾ ಜಾಸ್ತಿ ಎಂದರು. ಹಾಗಾದರೆ ನಾನೇ ಕೊಡುತ್ತೇನೆ, ಆದರೆ ಕಲ್ಲಿನ ಮೇಲೆ ನನ್ನ ಹೆಸರು ಕೆತ್ತಿಸುತ್ತೇನೆ ಎಂದ. ಕೂಡಲೇ ಸಭೆ, ಬೇಡ ಬೇಡ, ಖಜಾನೆಯಿಂದಲೇ ಖರ್ಚು ಮಾಡು ಎಂದು ಕೂಗಿತು.

ಈ ಭಾಗವನ್ನು ಎರಡು ಸಲ ಓದಿ. ಲಿಫ್ಟ್ ಬದಲಿಸಲು, ನೀರಿನ ಟ್ಯಾಂಕ್ ರಿಪೇರಿಗೆ ಎಂದು ಕೂಡಿಟ್ಟ ನಿಧಿಯನ್ನು ‘ಸುರಕ್ಷತೆಗಾಗಿ’ ಹೊಸ ಖಾತೆಗೆ ಸಾಗಿಸಿ. ಅದರಿಂದ ಗೇಟಿನ ಹೊರಗೆ ಕಾರಂಜಿ ಮಾಡಿಸಿ. ಯಾರಾದರೂ ಕೆಮ್ಮಿದರೆ ‘ನಾನೇ ಕೊಡುತ್ತೇನೆ, ಕಾರಂಜಿಗೆ ನಮ್ಮ ತಂದೆಯ ಹೆಸರು’ ಎನ್ನಿ. ಆ ಕ್ಷಣವೇ ನಿಧಿ ಮಂಜೂರಾಗುತ್ತದೆ.

ಸಭೆಗೆ ಜನ ಬರುವುದಿಲ್ಲ ಎಂದು ಕೊರಗಬೇಡಿ. ಅಥೆನ್ಸಿನಲ್ಲೂ ಬರುತ್ತಿರಲಿಲ್ಲ. ಕೆಂಪು ಬಣ್ಣ ಬಳಿದ ಹಗ್ಗ ಹಿಡಿದು ಸಂತೆಯಿಂದ ಜನರನ್ನು ಸಭೆಯತ್ತ ಅಟ್ಟುತ್ತಿದ್ದರು. ಬಟ್ಟೆಗೆ ಕೆಂಪು ಹತ್ತಿದವನು ತಪ್ಪಿಸಿಕೊಳ್ಳುತ್ತಿದ್ದವನು ಎಂದು ಲೆಕ್ಕ. ಆಮೇಲೆ ಬಂದವರಿಗೆ ಭತ್ಯೆಯನ್ನೇ ಕೊಟ್ಟರು. ನೀವು ಸಮೋಸಾ ಇಡಿ. ಭಾನುವಾರ ಬೆಳಿಗ್ಗೆ ಕೋರಂ ಇಲ್ಲದೆ ಅರ್ಧ ಗಂಟೆ ಸಭೆ ಮುಂದೂಡಿ, ಮೊದಲ ಮುಕ್ಕಾಲು ಗಂಟೆ ಡಿಜಿ ಸೆಟ್ಟಿನ ಹೊಗೆಯ ಬಗ್ಗೆ ಕೂಗಾಡಲು ಬಿಡಿ. ಸಮೋಸಾ ತಟ್ಟೆ ಬಾಗಿಲಲ್ಲಿ ಕಾಣಿಸಿದ ಕೂಡಲೇ ಬಜೆಟ್ ಓದಿ. ಒಂದು ಕೈಯಲ್ಲಿ ಸಮೋಸಾ, ಇನ್ನೊಂದರಲ್ಲಿ ಚಟ್ನಿ ಇರುವವರು ವಿರೋಧಕ್ಕೆ ಕೈ ಎತ್ತಲಾರರು.

ಈಗ ಅಂತರ್ಯುದ್ಧ. 431ರಿಂದ 404ರವರೆಗೆ ಅಥೆನ್ಸ್–ಸ್ಪಾರ್ಟಾ 27 ವರ್ಷ ಹೊಡೆದಾಡಿಕೊಂಡವು. ನಿಮಗೆ ಬೀದಿನಾಯಿ ಸಾಕು. ಅನ್ನ ಹಾಕುವವರು ಒಂದು ಬಣ, ಕೋಲು ಹಿಡಿದವರು ಇನ್ನೊಂದು ಬಣ. ಎರಡನ್ನೂ ಗುಟ್ಟಾಗಿ ಬೆಂಬಲಿಸಿ. ಅಹಿಂಸಾ ಖಂಡದಲ್ಲಿದ್ದರೆ ಯುದ್ಧ ಇನ್ನೂ ಚೆನ್ನಾಗಿ ಕಾವೇರುತ್ತದೆ, ಎರಡೂ ಕಡೆಯವರು ತಾವೇ ಅಹಿಂಸಾವಾದಿಗಳು ಎನ್ನುತ್ತಾರೆ. ಮಧ್ಯದಲ್ಲಿ ರೋಗ ಬಂದರೂ ನಿಲ್ಲಿಸಬೇಡಿ. 430ರಲ್ಲಿ ಅಥೆನ್ಸಿಗೆ ಮಾರಿ ಬಂದು ಜನ ಸಾಲುಸಾಲಾಗಿ ಸತ್ತರು, ಮರುವರ್ಷ ಪೆರಿಕ್ಲೀಸನೂ ಹೋದ. ಯುದ್ಧ ಮುಂದುವರಿಯಿತು.

ಯುದ್ಧದ ನಡುವೆ ಒಂದು ದೊಡ್ಡ ಯೋಜನೆ ಹಾಕಿ. 415ರಲ್ಲಿ ಅಥೆನ್ಸಿನ ಸಭೆ ಸಿಸಿಲಿಯ ಮೇಲೆ ಹಡಗು ಕಳಿಸಲು ಹೊರಟಿತು. ನಿಸಿಯಸ್ ಬೇಡವೆಂದ. ಜನ ಹೆದರಲಿ ಎಂದು, ಹೋಗುವುದಾದರೆ ಇಷ್ಟು ಹಡಗು, ಇಷ್ಟು ಸೈನ್ಯ ಬೇಕಾಗುತ್ತದೆ ಎಂದು ದೊಡ್ಡ ಪಟ್ಟಿ ಕೊಟ್ಟ. ಸಭೆ ಹೆದರುವ ಬದಲು ಪಟ್ಟಿಯನ್ನೇ ಮಂಜೂರು ಮಾಡಿ, ಬೇಡವೆಂದವನನ್ನೇ ಸೇನಾಪತಿಯಾಗಿ ಕಳಿಸಿತು. ಎರಡು ವರ್ಷಕ್ಕೆ ಹಡಗೂ ಇಲ್ಲ, ಸೈನ್ಯವೂ ಇಲ್ಲ, ನಿಸಿಯಸನೂ ಇಲ್ಲ. ಕ್ಲಬ್ ಹೌಸಿನ ಮೇಲೆ ಈಜುಕೊಳ ಬೇಡ ಎಂದು ಯಾವ ಎಂಜಿನಿಯರ್ ಖರ್ಚಿನ ಪಟ್ಟಿ ಕೊಡುತ್ತಾರೋ, ಅದೇ ಪಟ್ಟಿಯನ್ನು ಒಪ್ಪಿ ಅವರನ್ನೇ ಉಸ್ತುವಾರಿಗೆ ಹಾಕಿ.

ಯಾರಾದರೂ ಗೆದ್ದು ಬಂದರೆ ಶಿಕ್ಷಿಸಿ. 406ರಲ್ಲಿ ಅರ್ಗಿನೂಸೆಯ ಸಮುದ್ರಯುದ್ಧ ಗೆದ್ದ ಎಂಟು ಸೇನಾಪತಿಗಳಿಗೆ, ಬಿರುಗಾಳಿಯಲ್ಲಿ ಮುಳುಗುತ್ತಿದ್ದವರನ್ನು ಎತ್ತಲಿಲ್ಲ ಎಂದು ಒಂದೇ ಮತದಲ್ಲಿ ಮರಣದಂಡನೆ ಆಯಿತು. ಕೈಗೆ ಸಿಕ್ಕ ಆರು ಜನರನ್ನು ಕೊಂದರು. ಆಮೇಲೆ ಜನ ಪಶ್ಚಾತ್ತಾಪ ಪಟ್ಟರು. ಆ ದಿನ ಇದು ಕಾನೂನುಬಾಹಿರ ಎಂದು ಒಬ್ಬನೇ ಪಟ್ಟು ಹಿಡಿದವನು ಸಾಕ್ರೆಟೀಸ್. 399ರಲ್ಲಿ ಅವನಿಗೂ ವಿಷ ಕುಡಿಸಿದರು. ತೀರ್ಪು ಕೊಟ್ಟವರು ಐನೂರು ಚಿಲ್ಲರೆ ನಾಗರಿಕರು, ಯಾವ ಸರ್ವಾಧಿಕಾರಿಯೂ ಅಲ್ಲ. ಬಹುಮತವನ್ನು ನಂಬಿ, ಅದು ಕೈಬಿಡುವುದಿಲ್ಲ.

ತನಿಖೆ ಮಾತ್ರ ಮಾಡಿಸಬೇಡಿ. ಲಂಕೇಶರು ಕನ್ನಡಕ್ಕೆ ತಂದು, 1972ರಲ್ಲಿ ಬಿ.ವಿ. ಕಾರಂತರು ಬೆಂಗಳೂರಿನ ಬಯಲಿನಲ್ಲಿ ಆಡಿಸಿದ ಈಡಿಪಸ್ ಕಥೆ ಗೊತ್ತಲ್ಲ? ಊರಿಗೆ ಬಂದ ಮಾರಿಗೆ ಯಾರು ಕಾರಣ ಎಂದು ದೊರೆ ತಾನೇ ತನಿಖೆಗೆ ಇಳಿದು, ಕೊನೆಗೆ ತನ್ನ ಬಾಗಿಲಿಗೇ ಬಂದು ನಿಂತ. ಗೋಡೆ ಯಾಕೆ ಬಿರಿಯಿತು ಎಂಬ ಸ್ಟ್ರಕ್ಚರಲ್ ಆಡಿಟ್ ಸಮಿತಿಗೆ, ಆ ಗೋಡೆ ಒಡೆದು ಬಾಲ್ಕನಿಯನ್ನು ಕೋಣೆ ಮಾಡಿಕೊಂಡವರೇ ಅಧ್ಯಕ್ಷರಾಗಿರಲಿ. ಅವರು ಈಡಿಪಸನಷ್ಟು ಪ್ರಾಮಾಣಿಕರಾಗದಂತೆ ನೋಡಿಕೊಳ್ಳಿ.

ಕೊನೆಗೆ ಬಿಲ್ಡರನ್ನು ವಾಪಸ್ ಕರೆಯಿರಿ. ಸ್ಪಾರ್ಟಾ ಅಥೆನ್ಸನ್ನು ಸೋಲಿಸಿದ್ದು ಪರ್ಷಿಯಾದ ಹಣದಿಂದ. ಮುಂದೆ ಅಥೆನ್ಸೂ ಅದೇ ಹಣಕ್ಕೆ ಕೈ ಒಡ್ಡಿತು. 386ರಲ್ಲಿ ಗ್ರೀಕರ ನಡುವಿನ ಶಾಂತಿ ಒಪ್ಪಂದದ ಷರತ್ತು ಹೇಳಿದವನು ಪರ್ಷಿಯಾದ ದೊರೆ. ಹಾಗಾಗಿ ಮುಂದಿನ ಚುನಾವಣೆಯಲ್ಲಿ ಎರಡೂ ಬಣದ ಪೋಸ್ಟರ್ ಖರ್ಚು ಬಿಲ್ಡರಿನದಾಗಿರಲಿ.

ಹಂತ 6: ಹೆಲೆನಿಸ್ಟಿಕ್ ಕಾಲ, ಪಾಲು ಮಾಡುವುದು

ಒಬ್ಬ ಮಹಾಪುರುಷ ಬಂದು ಎಲ್ಲ ಸರಿಮಾಡುತ್ತಾನೆ ಎಂದು ಕಾಯಿರಿ. ಬರುತ್ತಾನೆ. ಅಲೆಕ್ಸಾಂಡರ್ ಬಂದ, ಪಂಜಾಬಿನವರೆಗೆ ಗೆದ್ದ, 323ರಲ್ಲಿ ಬ್ಯಾಬಿಲೋನಿನಲ್ಲಿ 32ನೇ ವಯಸ್ಸಿಗೆ ಸತ್ತ. ಉತ್ತರಾಧಿಕಾರಿ ಯಾರೆಂದು ಬರೆದಿಡಲಿಲ್ಲ. ದಳಪತಿಗಳು ರಾಜ್ಯ ಹರಿದು ಹಂಚಿಕೊಂಡರು. ಟಾಲೆಮಿ ಮೆರವಣಿಗೆಯಲ್ಲಿ ಹೋಗುತ್ತಿದ್ದ ಹೆಣವನ್ನೇ ಈಜಿಪ್ಟಿಗೆ ಹೊತ್ತೊಯ್ದ. ನಿಮ್ಮ ಅಧ್ಯಕ್ಷರು ಗುರುಗ್ರಾಮಕ್ಕೆ ಮನೆ ಬದಲಿಸಿದ ದಿನ ಒಬ್ಬರು ಸೀಲು, ಒಬ್ಬರು ಚೆಕ್‌ಬುಕ್, ಒಬ್ಬರು ಗ್ರೂಪ್ ಅಡ್ಮಿನ್ ಪಟ್ಟ ಹಿಡಿಯಲಿ. ನೀವು ಚೆಕ್‌ಬುಕ್ ಹಿಡಿಯಿರಿ.

ಆಮೇಲೆ ಪ್ರತಿ ಟವರಿಗೂ ಒಂದು ಸಂಘ ಮಾಡಿ. ಅಪಾರ್ಟ್‌ಮೆಂಟ್ ಕಾಯ್ದೆಯ ಸಂಘ ಒಂದು, ಹಳೆಯ ನಿವಾಸಿಗಳ ಸಂಘ ಒಂದು, ‘ಅಸಲಿ ನಿವಾಸಿಗಳ’ ಸಂಘ ಇನ್ನೊಂದು. ಅಶೋಕನಿಗೂ ಇದೇ ಪಾಡು. 13ನೇ ಶಿಲಾಶಾಸನದಲ್ಲಿ ಗ್ರೀಕರ ಸಂಗತಿ ಹೇಳುವಾಗ ಒಬ್ಬ ದೊರೆಯ ಹೆಸರು ಸಾಲದೆ ಐವರ ಹೆಸರು ಬರೆಸಬೇಕಾಯಿತು. ಪಾಲಿಕೆಯವರು ನೋಟಿಸ್ ಕಳಿಸುವಾಗ ಅವರಿಗೂ ಆ ಕಷ್ಟ ಕೊಡಿ.

ಪಕ್ಕದ ಬಣವನ್ನು ಬಡಿಯಲು ದೂರದ ಆಸ್ತಿ ಬಿಟ್ಟುಕೊಡಿ. ಸೆಲ್ಯೂಕಸ್ ಸಿಂಧೂ ಕಡೆಯ ಪ್ರಾಂತ್ಯಗಳನ್ನು ಚಂದ್ರಗುಪ್ತ ಮೌರ್ಯನಿಗೆ ಕೊಟ್ಟು 500 ಆನೆ ತೆಗೆದುಕೊಂಡ. 301ರಲ್ಲಿ ಇಪ್ಸಸ್ ರಣರಂಗದಲ್ಲಿ ಆನೆಗಳಿಂದ ತನ್ನವನೇ ಆದ ಆಂಟಿಗೊನಸನನ್ನು ಮುಗಿಸಿದ. ನೀವು ಮಕ್ಕಳ ಆಟದ ಜಾಗವನ್ನು ಮೊಬೈಲ್ ಟವರಿಗೆ ಕೊಟ್ಟು, ಬಂದ ಬಾಡಿಗೆಯಲ್ಲಿ ಎದುರು ಬಣದ ಮೇಲೆ ಕೇಸು ಹಾಕಿ. ಇನ್ನು ಆ ಪ್ರಾಂತ್ಯಗಳನ್ನು ಪಡೆದ ಚಂದ್ರಗುಪ್ತ ಎಲ್ಲ ಬಿಟ್ಟು ಶ್ರವಣಬೆಳಗೊಳಕ್ಕೆ ಬಂದು ಸಲ್ಲೇಖನ ವ್ರತದಲ್ಲಿ ದೇಹ ಬಿಟ್ಟ ಎಂದು ಜೈನ ಪರಂಪರೆ ಹೇಳುತ್ತದೆ. ಅಧಿಕಾರವನ್ನು ತಾನಾಗಿ ಬಿಡುವ ಈ ಕರ್ನಾಟಕ ಮಾದರಿಯ ಸುದ್ದಿ ಸೊಸೈಟಿಯಲ್ಲಿ ಎತ್ತಬೇಡಿ. ಎತ್ತಿದರೆ ಎಲ್ಲರೂ ನಿಮ್ಮ ಮುಖ ನೋಡುತ್ತಾರೆ.

ಹಂತ 7: ರೋಮನ್ ಕಾಲ, ಮೂರನೆಯವರನ್ನು ಕರೆಯುವುದು

ಇಬ್ಬರ ಜಗಳ ಮೂರನೆಯವನಿಗೆ ಲಾಭ ಎಂಬ ಗಾದೆಯನ್ನು ಆಚರಣೆಗೆ ತನ್ನಿ. ಕ್ರಿ.ಪೂ. 196ರಲ್ಲಿ ರೋಮನ್ ಸೇನಾಪತಿ ಫ್ಲಮಿನೈನಸ್ ಕ್ರೀಡಾಕೂಟದಲ್ಲಿ ನಿಂತು ಗ್ರೀಕರು ಇನ್ನು ಸ್ವತಂತ್ರರು ಎಂದು ಸಾರಿಸಿದ. ಜನರ ಕೂಗಿಗೆ ಹಾರುತ್ತಿದ್ದ ಕಾಗೆಗಳು ಕೆಳಗೆ ಬಿದ್ದವು ಎನ್ನುತ್ತಾನೆ ಪ್ಲೂಟಾರ್ಕ್. ಐವತ್ತು ವರ್ಷ ಕಳೆದು 146ರಲ್ಲಿ ಅದೇ ರೋಮನ್ನರು ಕೊರಿಂತ್ ನಗರವನ್ನು ಸುಟ್ಟರು. ಅಲ್ಲಿನ ಅಪರೂಪದ ಶಿಲ್ಪ, ಚಿತ್ರಗಳನ್ನು ಹಡಗಿಗೆ ತುಂಬುವಾಗ ರೋಮನ್ ಸೇನಾಪತಿ ಮಮ್ಮಿಯಸ್, ಇವು ಕಳೆದರೆ ಹೊಸದು ಮಾಡಿಸಿಕೊಡಬೇಕು ಎಂದು ಸಾಗಣೆದಾರರಿಗೆ ತಾಕೀತು ಮಾಡಿದನಂತೆ. ಅದೇ ಭಾಷೆ ಮಾತನಾಡುವ ಫೆಸಿಲಿಟಿ ಮ್ಯಾನೇಜ್‌ಮೆಂಟ್ ಏಜೆನ್ಸಿಯನ್ನು ಹುಡುಕಿ, ಕೀಲಿ ಕೊಡಿ. ಮೊದಲ ತಿಂಗಳು ಗಾರ್ಡ್‌ಗಳ ಸಮವಸ್ತ್ರ ನೋಡಿ ಕೈ ತಟ್ಟಿ.

ರಾಜ್ಯೋತ್ಸವದ ದಿನ ಸಾಂಸ್ಕೃತಿಕ ಹೆಮ್ಮೆಗೂ ಜಾಗ ಇರಲಿ. ಆರ್.ಕೆ.ಪುರಂನ ದೆಹಲಿ ಕರ್ನಾಟಕ ಸಂಘದವರೆಗೆ ಹೋಗುವ ಪುರುಸೊತ್ತಿಲ್ಲದಿದ್ದರೆ ಕ್ಲಬ್ ಹೌಸಿನಲ್ಲೇ ಹೇಳಿ: ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಎರಡನೇ ಶತಮಾನದ ಗ್ರೀಕ್ ಪ್ರಹಸನದಲ್ಲಿ ಕನ್ನಡ ಮಾತು ಇದೆ. ಹುಲ್ಟ್ಶ್ ಹೇಳಿದರು, ಶಾಮಶಾಸ್ತ್ರಿಗಳು ಹೇಳಿದರು, ಗೋವಿಂದ ಪೈಗಳು ಹೇಳಿದರು ಎನ್ನಿ. ವಿದ್ವಾಂಸರಲ್ಲಿ ಇನ್ನೂ ವಾದ ಇದೆ ಎಂಬುದನ್ನು ನುಂಗಿಕೊಳ್ಳಿ. ಆ ಪ್ರಹಸನದಲ್ಲಿ ಆ ಮಾತಾಡುವ ದೊರೆಯ ಕಡೆಯವರಿಗೆ ಗ್ರೀಕರು ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ, ಅವರು ಉರುಳಿದ ಮೇಲೆ ಸೆರೆಯಲ್ಲಿದ್ದ ತಮ್ಮ ಹುಡುಗಿಯನ್ನು ಹಡಗು ಹತ್ತಿಸಿಕೊಂಡು ಹೋಗುತ್ತಾರೆ ಎಂಬುದನ್ನಂತೂ ಬಾಯಿಬಿಡಬೇಡಿ. ಏಜೆನ್ಸಿಯ ಮ್ಯಾನೇಜರ್ ಹೊಸ ವರ್ಷದ ಪಾರ್ಟಿ ಏರ್ಪಡಿಸಿ, ಎಲ್ಲರ ಲೋಟ ತುಂಬಿಸಿ, ಮರುದಿನ ಕರಾರು ನವೀಕರಣಕ್ಕೆ ಸಹಿ ಹಾಕಿಸಿಕೊಳ್ಳುವಾಗ ಯಾರಿಗಾದರೂ ನೆನಪಾದೀತು.

ಎಚ್ಚರಿಕೆ: ಇವು ನಿವಾಸಿಗಳ ಕೈಗೆ ಸಿಗಬಾರದು

ಗ್ರೀಕರ ಇತಿಹಾಸದಲ್ಲಿ ಕೆಲವು ವಿಷಯಗಳು ಸುರಕ್ಷಿತವಲ್ಲ. ಅವನ್ನು ಬೀಗ ಹಾಕಿ ಇಡಿ.

ಒಂದು, ಅಥೆನ್ಸಿನ ಐನೂರರ ಮಂಡಳಿಗೆ ಚೀಟಿ ಎತ್ತಿ ಜನರನ್ನು ಆರಿಸುತ್ತಿದ್ದರು. ಒಂದು ವರ್ಷ ಅವಧಿ, ಒಬ್ಬನಿಗೆ ಜೀವಮಾನದಲ್ಲಿ ಎರಡೇ ಸಲ. ಇದು ತಿಳಿದರೆ ನಿಮ್ಮ ನಾಲ್ಕನೇ ಅವಧಿಗೆ ತೊಂದರೆ.

ಎರಡು, ಅಧಿಕಾರ ಮುಗಿದ ಪ್ರತಿಯೊಬ್ಬನೂ ಲೆಕ್ಕ ಒಪ್ಪಿಸಬೇಕಿತ್ತು. ಲೆಕ್ಕ ತೀರುವವರೆಗೆ ಊರು ಬಿಡುವಂತಿರಲಿಲ್ಲ. ಇದು ಜಾರಿಯಾದರೆ ಅರ್ಧ ಇಂದಿರಾಪುರಂ ವೈಶಾಲಿ ಮೆಟ್ರೋ ನಿಲ್ದಾಣ ದಾಟಲಾರದು.

ಮೂರನೆಯದು ಎಲ್ಲಕ್ಕಿಂತ ಅಪಾಯಕಾರಿ. ಮಿತ್ರರ ಹಣ ಎತ್ತಿ ಪಾರ್ಥೆನಾನ್ ಕಟ್ಟಿದ ಅದೇ ಅಥೆನ್ಸ್, ವರ್ಷಕ್ಕೆ ಎಷ್ಟು ಬಂತು, ಎಲ್ಲಿಂದ ಬಂತು, ಯಾವುದಕ್ಕೆ ಹೋಯಿತು ಎಂಬುದನ್ನು ಅಮೃತಶಿಲೆಯ ಮೇಲೆ ಕೆತ್ತಿಸಿ, ಅಕ್ರೊಪೊಲಿಸ್‌ನಲ್ಲೇ ಎಲ್ಲರಿಗೂ ಕಾಣುವಂತೆ ನಿಲ್ಲಿಸಿತು. ಅದರ ತುಂಡುಗಳು ಇನ್ನೂ ಇವೆ. ಅವರು ಯಾರ ಹಣ ಎಲ್ಲಿ ಖರ್ಚು ಮಾಡಿದರು ಎಂದು 2,400 ವರ್ಷ ಕಳೆದ ಮೇಲೂ ಯಾರು ಬೇಕಾದರೂ ಓದಬಹುದು. ಇಂಥ ಅಜಾಗರೂಕತೆ ನಿಮಗೆ ಸಲ್ಲದು. ಲೆಕ್ಕವನ್ನು ಎಕ್ಸೆಲ್ ಫೈಲಿನಲ್ಲಿ ಇಡಿ, ಪಾಸ್‌ವರ್ಡ್ ಹಾಕಿ, ಬೆಂಗಳೂರಿಗೆ ವರ್ಗಾವಣೆ ತೆಗೆದುಕೊಳ್ಳಿ. ಸರ್ಜಾಪುರ ರಸ್ತೆಯಲ್ಲಿ ಹೊಸ ಸೊಸೈಟಿ ಸಿಗುತ್ತದೆ. ಅಲ್ಲಿ ನಿಮ್ಮನ್ನು ದೆಹಲಿಯಲ್ಲಿ ಪಳಗಿದವರು ಎನ್ನುತ್ತಾರೆ. ತಿದ್ದಬೇಡಿ, ಈ ಸಲ ನೇರವಾಗಿ ಅಧ್ಯಕ್ಷ ಸ್ಥಾನಕ್ಕೇ ನಿಲ್ಲಿ.